ಕೊಟ್ಟದ್ದು ಹೊಳ್ಳಿ ಬರಬಾರದು

ನಮ್ಮ ಮನೆಯಲ್ಲಿ ಮೊದಲನೆಯದು ಅಂತ ಯಾವುದೂ ಉಳಿಯುತ್ತಿರಲಿಲ್ಲ. ಹಿತ್ತಲ ಬಳ್ಳಿಯ ಮೊದಲ ಕುಂಬಳಕಾಯಿ, ಹೊಸ ಜೋಳದ ಮೊದಲ ಮೊರ, ಕೋಳಿ ಇಟ್ಟ ಮೊದಲ ತತ್ತಿ, ಎಲ್ಲವೂ ಸುಗ್ಗಿ ಹಬ್ಬದ ದಿನ ಓಣಿಯ ತುದಿಯಲ್ಲಿದ್ದ ಚರ್ಚಿಗೆ ಹೋಗುತ್ತಿದ್ದವು. ಅಪ್ಪ ವರ್ಷವಿಡೀ ಸಾವಕಾರನ ನೂಲಿನಲ್ಲಿ ಸಾವಕಾರನ ಸೀರೆ ನೇಯುತ್ತಿದ್ದ. ವರ್ಷಕ್ಕೊಮ್ಮೆ ತನ್ನದೇ ನೂಲು ತಂದು ಮಗ್ಗಕ್ಕೆ ಒಂದು ಹಾಸು ಹಾಕಿ ತನ್ನವೇ ಕೆಲವು ಸೀರೆ ನೇಯುತ್ತಿದ್ದ. ಆ ಹಾಸಿನ ಮೊದಲ ಸೀರೆಯೂ ಅಲ್ಲಿಗೇ. ದೇವರಿಗೆ ಮೊದಲ ಫಲ, ನಮಗೆ ಉಳಿದದ್ದು. ಅವ್ವ ಕುಂಬಳಕಾಯಿ ಹೆಚ್ಚುವಾಗ "ಎರಡನೇದು ಯಾವತ್ತೂ ಸಣ್ಣದ ಬಿಡ್ತೈತಿ ಈ ಬಳ್ಳಿ" ಅಂತ ಬಳ್ಳಿಯನ್ನೇ ಬೈಯುತ್ತಿದ್ದಳು. ನಾನು ಆ ಮನೆಯ ಮೊದಲ ಮಗು. ಹಾಗೆಂದರೇನು ಅನ್ನುವುದು ನನಗೆ ತಿಳಿದದ್ದು ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾಗ. ತಿಳಿದ ಮೇಲೆ ಕುಂಬಳಕಾಯಿ ಪಲ್ಯ ನನ್ನ ಬಾಯಿಗೆ ಸೇರದಾಯಿತು. ಇವತ್ತಿಗೂ ಸೇರುವುದಿಲ್ಲ.

ಬೆಟಗೇರಿಯ ಆ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ನಮ್ಮ ಮುಂದಿನ ಕೋಣೆಯ ಅರ್ಧವನ್ನು ಮಗ್ಗವೇ ನುಂಗಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತರೆ ಬಾಗಿಲಿಗೆ ಬಂದವರಿಗೆ ಸೊಂಟದ ಮೇಲಿನ ಅಪ್ಪ ಮಾತ್ರ ಕಾಣುತ್ತಿದ್ದ. ಉಳಿದ ಅರ್ಧದಲ್ಲಿ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಚರ್ಚಿನ ಸಭೆಯವರು ಮನೆ ಪ್ರಾರ್ಥನೆಗೆ ಬಂದ ದಿನ ಚಾಪೆ ಹಾಸುತ್ತಿದ್ದೆವು. ಒಳಗಿನದು ಅವ್ವನ ಅಡುಗೆ ಕೋಣೆ, ಅದರಾಚೆ ಹಿತ್ತಲು. ಲಾಳಿಯ ಸದ್ದು ಒಂದೇ ಸಮ ಓಡುತ್ತಿದ್ದರೆ ಮನೆ ಕ್ಷೇಮವಾಗಿದೆ ಅಂತ ಅರ್ಥ. ಅದು ನಡುವೆ ತಟ್ಟನೆ ನಿಂತರೆ ಅವ್ವ ರೊಟ್ಟಿ ಬಡಿಯುವ ಕೈ ತಡೆದು ಕಿವಿಗೊಡುತ್ತಿದ್ದಳು. ಅಪ್ಪನಿಗೆ ಏನೋ ಹೊಳೆದಿದೆ, ಮನೆಯಿಂದ ಏನೋ ಹೊರಗೆ ಹೋಗಲಿದೆ. ನಮ್ಮ ಹೊಸ ಕಂಬಳಿ ಹೀಗೇ ಯಾರದೋ ಮನೆಗೆ ಹೋಗಿತ್ತು. ಅವ್ವನ ತವರಿನ ಹಿತ್ತಾಳೆ ಕೊಡವೂ ಹೀಗೇ ಹೋಗಿತ್ತು. ಅಪ್ಪನ ಹೆಸರು ಸತ್ಯಪ್ಪ, ಅವ್ವನದು ಸುವಾರ್ತಾ. ಸಭೆಯಲ್ಲಿ "ಹುರುಪಿನ ಸತ್ಯಪ್ಪ" ಅಂದರೇನೇ ಗುರುತು ಹತ್ತುತ್ತಿತ್ತು. ಡೋಲಕ್ ಬಾರಿಸುವವನು ಅವನೇ, ಮಳೆಗೆ ಸೋರುವ ಚರ್ಚಿನ ಹಂಚು ಸರಿಪಡಿಸಲು ಮೊದಲು ಏಣಿ ಹತ್ತುವವನೂ ಅವನೇ. ಹಾಡು ಏರಿದಂತೆ ಅವನ ಕಣ್ಣು ಹೊಳೆಯಲು ಶುರುವಾಗುತ್ತಿತ್ತು, ಆ ಹೊಳಪು ಕಂಡರೆ ನಾನು ಅವ್ವನ ಸೆರಗು ಹಿಡಿಯುತ್ತಿದ್ದೆ. ನನ್ನ ಅಪ್ಪನಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಅವನ ಮೇಲಿನ ನನ್ನ ಸಿಟ್ಟೂ ಅದೇ.

ಅಪ್ಪನೊಬ್ಬನೇ ಹಾಗಲ್ಲ, ಸಭೆಗೆ ಸಭೆಯೇ ಹಾಗಿತ್ತು. ತಮ್ಮ ಸಮುವೇಲ ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳು. ಆಕೆ ಏಳುವವರೆಗೆ ನಮ್ಮ ಒಲೆ ಹೊತ್ತಲಿಲ್ಲ, ಆದರೆ ಒಂದು ಹೊತ್ತೂ ನಾವು ಉಪವಾಸ ಮಲಗಲಿಲ್ಲ. ಒಬ್ಬರು ಗಂಜಿ ತಂದರು, ಒಬ್ಬರು ಪುಂಡಿಪಲ್ಯ ರೊಟ್ಟಿ ತಂದರು, ಅಯ್ಯನವರ ಮನೆಯಮ್ಮ ತಾನೇ ಬಂದು ಕೂಸಿನ ಬಟ್ಟೆ ಒಗೆದು ಹಾಕಿದರು. ಅಯ್ಯನವರು ಅಂದರೆ ನಮ್ಮ ಸಭೆಯ ಪಾದ್ರಿಗಳು, ಮೆತ್ತನೆಯ ದನಿಯ ಬಡಕಲು ಮನುಷ್ಯ. ಲಕ್ಷ್ಮೇಶ್ವರದ ಹೆಂಗಸೊಬ್ಬಳು ಬಸ್ಸಿನಲ್ಲಿ ಬಂದು ಅವ್ವನ ತಲೆ ಬಾಚಿ ಹೆಣೆದು ಹೋದಳು. ಯಾರೂ ಕರೆದಿರಲಿಲ್ಲ, ಯಾರೂ ಲೆಕ್ಕ ಇಟ್ಟಿರಲಿಲ್ಲ. ಆದರೆ ಅವ್ವನಿಗೆ ಎಲ್ಲ ನೆನಪಿತ್ತು. ಯಾರ ಪಾತ್ರೆಯ ಅಂಚು ನೆಗ್ಗಿತ್ತು, ಯಾರ ಗಂಜಿಗೆ ಉಪ್ಪು ಹೆಚ್ಚಾಗಿತ್ತು ಅನ್ನುವುದು ಕೂಡ. ಓಣಿಯಲ್ಲಿ ಅವರು ಎದುರಾದರೆ ಆಕೆಯ ತಲೆ ತಾನಾಗಿ ಬಾಗುತ್ತಿತ್ತು.

ಸುಗ್ಗಿ ಹಬ್ಬದ ದಿನ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಮನೆಗಳವರೂ ನಮ್ಮಲ್ಲಿಗೇ ಬರುತ್ತಿದ್ದರು. ವೇದಿಯ ಮೆಟ್ಟಿಲ ಮೇಲೆ ಜೋಳದ ತೆನೆ, ಕಬ್ಬು, ಬದನೆಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ಇಟ್ಟು ಪ್ರಾರ್ಥನೆ ಆಗುತ್ತಿತ್ತು. ಆಮೇಲೆ ಅಂಗಳದ ಬೇವಿನ ಮರದ ಕೆಳಗೆ ಅವುಗಳ ಲಿಲಾವು, ಅಂದರೆ ಹರಾಜು. ರೊಕ್ಕ ಇದ್ದವರು ರೊಕ್ಕ ಕೂಗುತ್ತಿದ್ದರು, ಇಲ್ಲದವರು ಸೇರು ಜೋಳ, ಪಾವು ತೊಗರಿ ಕೂಗುತ್ತಿದ್ದರು. ಕೂಗಿ ಗೆದ್ದವರು ವಸ್ತುವನ್ನು ಮನೆಗೆ ಒಯ್ಯಬೇಕಿಲ್ಲ, ಮತ್ತೆ ದೇವರಿಗೆ ಅಂತ ಹಿಂದಕ್ಕೆ ಕೊಟ್ಟರೆ ಅದನ್ನೇ ಮತ್ತೆ ಲಿಲಾವಿಗೆ ಹಚ್ಚುತ್ತಿದ್ದರು. ಒಂದೇ ತತ್ತಿ ಮಧ್ಯಾಹ್ನದವರೆಗೂ ಕೈಯಿಂದ ಕೈಗೆ ತಿರುಗಿದ್ದುಂಟು. ಕೂಗುವವನು ಶಿರಹಟ್ಟಿಯ ದೇವಪುತ್ರಪ್ಪ, ಗಂಟಲು ದೊಡ್ಡದು, ನಗೆ ಅದಕ್ಕಿಂತ ದೊಡ್ಡದು. ಇಷ್ಟೆಲ್ಲ ಗದ್ದಲಕ್ಕೂ ಒಂದೇ ನೇಮ. ಕೊಟ್ಟ ಮನೆಯವರು ತಾವು ಕೊಟ್ಟದ್ದನ್ನು ತಾವೇ ಕೂಗಬಾರದು. ನಾವು ಚುಕ್ಕಿ ಕೋಳಿಯನ್ನು ಕೊಟ್ಟ ವರ್ಷ ಅದನ್ನು ಅಯ್ಯನವರು ಕೂಗಿ ತಮ್ಮ ಮನೆಗೆ ಒಯ್ದರು. ಕೋಳಿಗೆ ಮಾತ್ರ ನೇಮ ತಿಳಿಯಲಿಲ್ಲ. ಅದು ಓಣಿ ದಾಟಿ ಬಂದು ನಮ್ಮ ಮಗ್ಗದ ಕುಣಿಯ ಮೂಲೆಯಲ್ಲೇ ತತ್ತಿ ಇಡುತ್ತಿತ್ತು. ಅಪ್ಪ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ತತ್ತಿಯನ್ನು ಅಂಗೈಯಲ್ಲಿ ಹಿಡಿದು, ಪ್ರತಿ ಸಲ ಅಯ್ಯನವರ ಮನೆಗೆ ಮುಟ್ಟಿಸಿ ಬರುತ್ತಿದ್ದ. ನಾನೊಮ್ಮೆ ಕೇಳಿದೆ.

"ಅಪ್ಪಾ, ಅದು ತಾನಾಗೇ ಬರತೈತಲ್ಲ?"

"ಬರಲಿ. ಕೊಟ್ಟದ್ದು ಹೊಳ್ಳಿ ಬರಬಾರದವಾ. ಬಂದ್ರೂ ಅದು ನಮ್ಮದಲ್ಲ."

ಅಡುಗೆ ಕೋಣೆಯ ಬಾಗಿಲಲ್ಲಿ ನಿಂತ ಅವ್ವ ಆ ತತ್ತಿಯನ್ನೇ ನೋಡುತ್ತಿದ್ದಳು. ಸಮುವೇಲ ಆಗ ತೀರಾ ಸಣ್ಣವ, ಸೊರಗಿದ್ದ.

ಮುಂಡರಗಿ ಅಕ್ಕೋರು ನಮ್ಮ ಮನೆಗೆ ಬಂದದ್ದು ಆ ಚಳಿಗಾಲದಲ್ಲಿ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಗಂಡನೂ ಮಾಸ್ತರ. ಅವರಿಗೆ ಒಬ್ಬಳೇ ಮಗಳು, ನನ್ನ ವಾರಿಗೆಯವಳು. ಹಿಂದಿನ ಬೇಸಿಗೆಯಲ್ಲಿ ಹಮ್ಮಿಗಿಗೆ ನೆಂಟರ ಮನೆಗೆ ಹೋದಾಗ ಹೊಳೆಗೆ ಇಳಿದವಳು ಮೇಲೆ ಬಂದಿರಲಿಲ್ಲ. ಅಂದಿನಿಂದ ಅಕ್ಕೋರು ಎಲ್ಲಿ ಪ್ರಾರ್ಥನೆ ಇದ್ದರೂ ಅಲ್ಲಿಗೆ ಹೋಗುತ್ತಿದ್ದರು, ಹೋಗಿ ಗೋಡೆಗೆ ಒರಗಿ ಕೂತು ಬರುತ್ತಿದ್ದರು. ಆ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ. ಚಾಪೆಯ ತುಂಬ ಜನ. ಅಪ್ಪ ಡೋಲಕ್ ಬಾರಿಸುತ್ತಿದ್ದ, ಹಾಡು ಏರುತ್ತಿತ್ತು, ನಾನು ಮಗ್ಗದ ಮಗ್ಗುಲಲ್ಲಿ ಕೂತು ಅಕ್ಕೋರನ್ನು ನೋಡುತ್ತಿದ್ದೆ. ಅವರೂ ನನ್ನನ್ನೇ ನೋಡುತ್ತಿದ್ದರು, ನನ್ನ ಮುಖವನ್ನಲ್ಲ, ನನ್ನ ಎತ್ತರವನ್ನು. ಹಾಡು ಮುಗಿದು ಅಯ್ಯನವರು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಅಕ್ಕೋರು ಬಿಕ್ಕಿದರು. ಆಗ ಅಪ್ಪ ಡೋಲಕ್ ಬದಿಗಿಟ್ಟು ಎದ್ದು ನಿಂತ. ಅವನ ಕಣ್ಣು ಹೊಳೆಯುತ್ತಿದ್ದವು.

"ಅಕ್ಕೋರ, ಅಳಬ್ಯಾಡ್ರಿ. ನಮ್ಮನ್ಯಾಗ ದೇವರು ಎರಡು ಕೊಟ್ಟಾನ. ಎರಡಿದ್ದಾಂವ ಒಂದು ಕೊಡಬೇಕು. ನಮ್ಮ ಮೊದಲನೇದು, ನಮ್ಮ ಕರುಣಾ, ಈ ಸುಗ್ಗಿ ಹಬ್ಬಕ್ಕ ನಿಮ್ಮ ಉಡಿಯಾಗ ಹಾಕ್ತೀನಿ."

ಯಾರೋ "ದೇವರಿಗೆ ಸ್ತೋತ್ರ" ಅಂದರು. ಇನ್ನೊಬ್ಬರು ಅಂದರು. ಚಾಪೆಯ ತುಂಬ ಜನ ಅಳುತ್ತ ನಗುತ್ತ ಅಪ್ಪನ ಕೈ ಹಿಡಿದರು. ಮಾಸ್ತರರು ಅಪ್ಪನನ್ನು ತಬ್ಬಿಕೊಂಡರು. ಅಯ್ಯನವರು ಕಣ್ಣು ತೆರೆದು, ಪ್ರಾರ್ಥನೆ ಮುಗಿಸದೆ ಬೈಬಲ್ ಮುಚ್ಚಿದರು. ಅವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾರಿಗೂ ಚಹಾ ಕೊಡದೆ ತಟ್ಟೆಯನ್ನು ಹಾಗೇ ಒಳಗೆ ಒಯ್ದಳು.

ಮರುದಿನ ಬೆಳಿಗ್ಗೆ ನಾನು ಹಿತ್ತಲ ಬಾಗಿಲ ಹಿಂದೆ ಕೂತು ಜಗಳ ಕೇಳಿದೆ. ನಮ್ಮ ಮನೆಯಲ್ಲಿ ಜಗಳ ಅಂದರೆ ಅವ್ವ ಒಲೆಯ ಮುಂದಿನಿಂದ, ಅಪ್ಪ ಕುಣಿಯೊಳಗಿನಿಂದ, ಒಬ್ಬರ ಮುಖ ಒಬ್ಬರು ನೋಡದೆ ಆಡುವ ಮಾತು.

"ನನ್ನ ಕೇಳಿದ್ರೇನು?"

"ಒಳ್ಳೇ ಕೆಲಸಕ್ಕ ಕೇಳೂದೇನೈತಿ?"

"ಕುಂಬಳಕಾಯಲ್ಲ ಅದು. ನನ್ನ ಹೊಟ್ಟ್ಯಾಗ ಹುಟ್ಟಿದ್ದು."

"ಅದಕ್ಕ ಅಂತೀನಿ ಸುವಾರ್ತಿ. ಕುಂಬಳಕಾಯಿ ಯಾರ ಬೇಕಾದ್ರೂ ಕೊಡ್ತಾರ."

"ನಾ ಒಲ್ಲೆ."

"ಸಭಾದಾಗ ಮಾತು ಕೊಟ್ಟೀನಿ. ಆ ತಾಯಿ ಮಾರಿ ನೋಡಿದೇನು? ಹೋಗಿ ಆಕಿಗೆ ಒಲ್ಲೆ ಅಂತ ನೀನ ಹೇಳಿ ಬಾ."

ಲಾಳಿ ಮತ್ತೆ ಓಡತೊಡಗಿತು. ಅವ್ವ ಹೇಳಿಬರಲು ಹೋಗಲಿಲ್ಲ, ಯಾಕೆಂದರೆ ಹೋಗುವ ಮೊದಲೇ ಓಣಿಯ ಹೆಂಗಸರು ನಮ್ಮ ಮನೆಗೆ ಬಂದರು. ಗಂಜಿ ತಂದವಳು ಬಂದಳು, ಪುಂಡಿಪಲ್ಯ ತಂದವಳು ಬಂದಳು, ಅಯ್ಯನವರ ಮನೆಯಮ್ಮ ಬಂದರು. ಒಬ್ಬೊಬ್ಬರಾಗಿ ಅವ್ವನ ಕೈ ಹಿಡಿದು, ನಿನ್ನಂಥ ತಾಯಿಯನ್ನು ನಾವು ಕಂಡಿಲ್ಲ, ನಮ್ಮ ಸಭೆಗೇ ನೀ ಒಂದು ಆಭರಣ ಅಂತ ಹೇಳಿದರು. ಅವ್ವ ಬಾಯಿ ತೆರೆದಾಗಲೆಲ್ಲ ಅವರು ಆಕೆಯ ಕಣ್ಣೀರು ಒರೆಸಿದರು. ಅದು ಸಂತೋಷದ ಕಣ್ಣೀರು ಅಂತ ಅವರೇ ತೀರ್ಮಾನ ಮಾಡಿದ್ದರು. ಅವರಲ್ಲಿ ಒಬ್ಬರೂ ಕೆಟ್ಟ ಮನಸ್ಸಿನವರಿರಲಿಲ್ಲ. ಹೊಗಳಿ ಹೊಗಳಿ ಅವ್ವನ ಬಾಯಿ ಮುಚ್ಚಿಸಿ, ಹೋಗುವಾಗ ನನ್ನ ತಲೆ ಸವರಿ ಹೋದರು. ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡವಳು ಖಾತೂನ ಚಾಚಿ. ಅವರದು ನೂಲಿಗೆ ಬಣ್ಣ ಹಾಕುವ ಮನೆತನ, ಆಕೆಯ ಕೈ ಮೊಣಕೈವರೆಗೂ ಯಾವಾಗಲೂ ಒಂದೊಂದು ಬಣ್ಣ. ಅಂದು ಕೆಂಪಿತ್ತು.

"ಸುವಾರ್ತಾ, ಊರಿಗೆ ಉಪಕಾರಿ ಮನಿಗೆ ಮಾರಿ ಅಂತಾರಲ್ಲ, ನಿನ್ನ ಗಂಡನ್ನ ನೋಡೇ ಅಂದಿರಬೇಕು. ಒಲ್ಲೆ ಅನ್ನು."

"ಯಾರಿಗೆ ಅನ್ಲಿ ಚಾಚಿ? ಅವರ ಗಂಜಿ ಕುಡದು ಎದ್ದಾಕಿ ನಾ."

"ಗಂಜಿ ಕುಡದ್ರ ಗಂಜಿ ಹೊಳ್ಳಿ ಕೊಡಬೇಕು. ಕೂಸು ಕೊಡ್ತಾರೇನು?"

ಆಮೇಲೆ ನನಗೆ ಒಳ್ಳೆಯ ದಿನಗಳು ಬಂದವು. ಶಾಲೆಗೆ ಹೋಗುವಾಗ ಓಣಿಯಲ್ಲಿ ಒಬ್ಬರು ಪೇರಲಹಣ್ಣು ಕೊಡುತ್ತಿದ್ದರು, ಬರುವಾಗ ಇನ್ನೊಬ್ಬರು ಶೇಂಗಾ ಉಂಡಿ ಕೊಡುತ್ತಿದ್ದರು. ಸಂಡೇ ಸ್ಕೂಲಿನಲ್ಲಿ ನನ್ನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ನನ್ನ ಜೊತೆ ಜಗಳಾಡುತ್ತಿದ್ದ ಹುಡುಗಿಯರು ಕೂಡ ಆಟದಲ್ಲಿ ನನ್ನನ್ನು ಗೆಲ್ಲಲು ಬಿಟ್ಟರು. ಆ ವರ್ಷ ಬಕ್ರೀದೂ ಹತ್ತಿರವಿತ್ತು. ಚಾಚಿಯ ಹಿತ್ತಲಲ್ಲಿ ಒಂದು ಹೋತ ಕಟ್ಟಿದ್ದರು. ಚಾಚಿಯ ಮಕ್ಕಳು ಅದಕ್ಕೆ ಬೇಳೆ ಹೊಟ್ಟು ತಿನ್ನಿಸಿ, ಮೈ ತೊಳೆದು, ಕೊರಳಿಗೆ ಬಣ್ಣದ ದಾರ ಕಟ್ಟಿ ಮುದ್ದಾಡುತ್ತಿದ್ದರು. ನಾನು ಗೋಡೆಯ ಮೇಲೆ ಗದ್ದ ಊರಿ ಅದನ್ನು ನೋಡುತ್ತ ನಿಲ್ಲುತ್ತಿದ್ದೆ, ಕೈಯಲ್ಲಿ ಯಾರೋ ಕೊಟ್ಟ ಪೇರಲಹಣ್ಣು ಹಾಗೇ ಇರುತ್ತಿತ್ತು. ಮುಂಡರಗಿಗೆ ಹೋದರೆ ನನ್ನನ್ನು ಯಾರೂ ಕೊಯ್ಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಕ್ಕೋರ ಮನೆಯಲ್ಲಿ ದಿನಾ ಅನ್ನ ಮಾಡುತ್ತಾರೆ ಅಂತಲೂ ಕೇಳಿದ್ದೆ. ನನ್ನ ಹೆದರಿಕೆ ಬೇರೆಯದು. ಬಸ್ಸು ಹತ್ತಿ ಹೊಳ್ಳಿ ಬರಬಹುದು ಅಂತ ಮನಸ್ಸಿನಲ್ಲೇ ದಾರಿ ಕಲಿಯುತ್ತಿದ್ದೆ, ಬಂದು ಬಾಗಿಲಲ್ಲಿ ನಿಂತ ಕೂಡಲೇ ಅಪ್ಪ ಕುಣಿಯಿಂದ ಎದ್ದು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಮುಟ್ಟಿಸಿ ಬರುವುದು ಕಣ್ಣಿಗೆ ಕಟ್ಟುತ್ತಿತ್ತು.

ಹಬ್ಬಕ್ಕೆ ವಾರ ಇರುವಾಗ ಮುಂಡರಗಿಯಿಂದ ಒಂದು ಫ್ರಾಕು ಬಂತು. ತಿಳಿ ನೀಲಿ, ತೋಳಿಗೆ ಒಂದು ಕಡೆ ಸಣ್ಣಗೆ ತೇಪೆ. ಹೊಸದಲ್ಲ ಅನ್ನುವುದು ನೋಡಿದರೇ ತಿಳಿಯುತ್ತಿತ್ತು, ಯಾರದು ಅನ್ನುವುದನ್ನು ಯಾರೂ ಹೇಳಲಿಲ್ಲ. ನನಗೆ ಅದು ದೊಡ್ಡದಾಗಿತ್ತು. ಅವ್ವ ನನಗೆ ತೊಡಿಸಿ, ಮೊಣಕಾಲ ಕೆಳಗೆ ಇಳಿದ ಅಂಚನ್ನು ಹಿಡಿದು ಬಹಳ ಹೊತ್ತು ಕೂತಳು. ಬೆಳೆದ ಹಾಗೆ ಸರಿಯಾಗುತ್ತದೆ ಅಂತ ಅಪ್ಪ ಅಂದ. ಅವ್ವ ಸೂಜಿ ತಂದು ಅಂಚು ಮಡಚಿ ಹೊಲಿಯತೊಡಗಿದಳು. ನಾನು ಇನ್ನು ಅಳತೊಡಗಬೇಕು ಅನ್ನುವಾಗ ಆಕೆ ನನ್ನ ಮೊಣಕಾಲಿಗೆ ಹಣೆ ಒತ್ತಿಕೊಂಡಳು. ಏಳುವಾಗ ಆಕೆಯ ಮುಖ ನನಗೆ ಗುರುತು ಹತ್ತದ ಹಾಗೆ ಬಿಗಿದಿತ್ತು.

ಹಬ್ಬದ ದಿನ ಬೆಳಿಗ್ಗೆ ಚುಕ್ಕಿ ಕೋಳಿ ಬಂದು ಎಂದಿನಂತೆ ಕುಣಿಯ ಮೂಲೆಯಲ್ಲಿ ತತ್ತಿ ಇಟ್ಟು ಹೋಯಿತು. ಅಪ್ಪ ಆಗಲೇ ಚರ್ಚಿಗೆ ತೋರಣ ಕಟ್ಟಲು ಹೋಗಿದ್ದ. ಅವ್ವ ಕುಣಿಗೆ ಇಳಿದು ತತ್ತಿ ಎತ್ತಿಕೊಂಡಳು. ಅಯ್ಯನವರ ಮನೆಗೆ ಕೊಟ್ಟು ಬರುತ್ತಾಳೆ ಅಂದುಕೊಂಡೆ, ಆಕೆ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಚರ್ಚಿನಲ್ಲಿ ಅಪ್ಪ ನನ್ನ ಕೈ ಹಿಡಿದು ನಡುವಿನ ದಾರಿಯಲ್ಲಿ ನಡೆಸಿಕೊಂಡು ಹೋದ. ಎರಡೂ ಬದಿಯ ಜನ ಹಾಡುತ್ತಿದ್ದರು. ವೇದಿಯ ಮೆಟ್ಟಿಲ ಮೇಲೆ ನಮ್ಮ ಹೊಸ ಸೀರೆ ಮತ್ತು ಯಾರದೋ ಕುಂಬಳಕಾಯಿಯ ನಡುವೆ ನನ್ನನ್ನು ಕೂರಿಸಿ ಅವನು ಹಿಂದಕ್ಕೆ ಸರಿದ. ಅವನು ಅಳುತ್ತಿದ್ದ, ಅದನ್ನು ನಾನು ಬರೆಯಲೇಬೇಕು. ಕಾಲು ಕಟ್ಟಿದ ಕೋಳಿಯೊಂದು ನನ್ನ ಮಗ್ಗುಲಲ್ಲಿ ರೆಕ್ಕೆ ಬಡಿಯುತ್ತಿತ್ತು. ಅಯ್ಯನವರು ತೆನೆಗಾಗಿ, ಕಾಯಿಗಾಗಿ, ನೂಲಿಗಾಗಿ ಪ್ರಾರ್ಥಿಸಿದರು. ನನ್ನ ಹೆಸರಿಗೆ ಬಂದಾಗ ಅವರ ದನಿ ಕೇಳಿಸಲಿಲ್ಲ.

ಪ್ರಾರ್ಥನೆ ಮುಗಿದು ಎಲ್ಲದರ ಜೊತೆ ನನ್ನನ್ನೂ ಬೇವಿನ ಮರದ ಕೆಳಗಿನ ಮೇಜಿನ ಬಳಿಗೆ ಒಯ್ದರು. ಅಕ್ಕೋರು ಬಂದು ನನ್ನ ಮುಂದೆ ಮಂಡಿಯೂರಿ ಫ್ರಾಕಿನ ತೋಳಿನ ತೇಪೆಯ ಮೇಲೆ ಬೆರಳಾಡಿಸಿದರು. ಅವರ ಕೈ ಮೆತ್ತಗಿತ್ತು, ಸೀಮೆಸುಣ್ಣದ ವಾಸನೆ ಬರುತ್ತಿತ್ತು. ನನ್ನ ಕೈ ಹಿಡಿದು ಎದ್ದು ಗೇಟಿನ ಕಡೆ ಒಂದು ಹೆಜ್ಜೆ ಇಟ್ಟರು. ಆಗ ಹೆಂಗಸರ ನಡುವಿನಿಂದ ಅವ್ವನ ದನಿ ಬಂತು. ಸಭೆಯಲ್ಲಿ ಆಕೆ ಜೋರಾಗಿ ಮಾತಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ದೇವಪುತ್ರಪ್ಪಣ್ಣಾರ, ವೇದಿ ಮ್ಯಾಲೆ ಇಟ್ಟದ್ದು ನೆಟ್ಟಗ ಯಾರ ಕೈಗೂ ಹೋಗೂದಿಲ್ಲ. ಮೊದಲ ಲಿಲಾವು ಆಗಬೇಕು. ನಮ್ಮ ಕೋಳೀನ ಅಯ್ಯನವರೂ ಕೂಗೇ ಒಯ್ದರು. ಹಚ್ರಿ ಲಿಲಾವು."

ಯಾರೋ ನಕ್ಕರು. ದೇವಪುತ್ರಪ್ಪನ ಮುಖದ ನಗೆ ಹಾಗೇ ಒಣಗಿತು. ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಹುಚ್ಚಿ ಆಗೀಯೇನು? ಕೊಟ್ಟ ಮನಿಯವರು ಕೂಗಬಾರದು."

"ಕೊಟ್ಟವರು ನೀವು. ನಾ ಕೊಟ್ಟಿಲ್ಲ. ಕೊಟ್ಟೀನಿ ಅಂತ ನಾ ಅಂದದ್ದು ಇಲ್ಲಿ ಯಾರರ ಕೇಳ್ಯಾರೇನು? ಕೇಳಿದ್ರ ಹೇಳ್ರಿ."

ಆಕೆಯ ಕೈ ಹಿಡಿದು ಹೊಗಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ಮೇಜಿನ ತನಕ ಬಂದು ಸೆರಗಿನ ಗಂಟು ಬಿಚ್ಚಿ ತತ್ತಿಯನ್ನು ಇಟ್ಟಳು. ಅದು ಉರುಳದ ಹಾಗೆ ಎರಡೂ ಕೈ ಅಡ್ಡ ಹಿಡಿದಿದ್ದಳು.

"ನನ್ನ ಕೂಗು ಒಂದು ತತ್ತಿ."

ದೇವಪುತ್ರಪ್ಪ ಅಯ್ಯನವರ ಕಡೆ ನೋಡಿದ. ಅಯ್ಯನವರು ನೆಲ ನೋಡುತ್ತಿದ್ದರು. ತತ್ತಿ ಯಾವ ಕೋಳಿಯದು ಅಂತ ಅವರಿಗೆ ತಿಳಿದಿರಬೇಕು. ಅವರು ಮೆಲ್ಲಗೆ ತಲೆಯಾಡಿಸಿದರು. ದೇವಪುತ್ರಪ್ಪನ ಆ ದೊಡ್ಡ ಗಂಟಲಿನಿಂದ ಪಿಸುಮಾತು ಹೊರಟಿತು.

"ಒಂದು ತತ್ತಿ... ಒಂದು ಸಲ."

"ಒಂದು ಚೀಲ ಜೋಳ," ಅಂದರು ಮಾಸ್ತರರು.

ಅವರು ಗಟ್ಟಿಯಾಗಿ ಅನ್ನಲಿಲ್ಲ. ಆದರೂ ಅಂಗಳದ ತುದಿಯವರೆಗೆ ಕೇಳಿಸಿತು. ಅವರ ತಪ್ಪೇನೂ ಇರಲಿಲ್ಲ. ನೇಮ ಅದೇ, ಮಾತು ಕೊಟ್ಟದ್ದು ಅಪ್ಪ, ಖಾಲಿ ಮನೆಯಲ್ಲಿ ಕೂತು ಕೂತು ಆ ಮನುಷ್ಯ ಅರ್ಧ ಆಗಿದ್ದರು. ಅವ್ವನ ಬಳಿ ಆ ತತ್ತಿಯ ಹೊರತು ಏನೂ ಇರಲಿಲ್ಲ. ಆಕೆ ಕಿವಿಯ ಕಡೆ ಕೈ ಒಯ್ದಳು, ಓಲೆ ಹಿಂದಿನ ವರ್ಷವೇ ಕಾಣಿಕೆಗೆ ಹೋಗಿತ್ತು. ಬರಿಯ ಕಿವಿ ಮುಟ್ಟಿಕೊಂಡು ನಿಂತಳು. ದೇವಪುತ್ರಪ್ಪ "ಒಂದು ಚೀಲ ಜೋಳ, ಒಂದು ಸಲ" ಅಂದ. ಬೇವಿನ ಎಲೆ ಉದುರುವ ಕಾಲ ಅದು, ಮೇಜಿನ ಮೇಲೆ ಎಲೆ ಬೀಳುತ್ತಿದ್ದವು. "ಎರಡು ಸಲ" ಅಂದ. ನನ್ನ ಕೈ ಹಿಡಿದ ಅಕ್ಕೋರ ಬೆರಳು ಬಿಗಿಯಾದವು, ನೋಯುವಷ್ಟು ಬಿಗಿಯಾದವು. ಆಮೇಲೆ ಬಿಟ್ಟವು.

"ನೀವು ಕುಂಡ್ರಿ," ಅಂದರು ಗಂಡನಿಗೆ. "ನಮ್ಮ ಕೂಗು ಹಿಂದಕ್ಕ ತಗೊಂಡೀವಿ ಅಣ್ಣಾರ. ತತ್ತಿಗೆ ಮೂರು ಸಲ ಅನ್ರಿ. ಜಲ್ದಿ ಅನ್ರಿ."

ದೇವಪುತ್ರಪ್ಪ ಮೂರು ಸಲ ಅಂದನೋ ಇಲ್ಲವೋ ನನಗೆ ನೆನಪಿಲ್ಲ. ಅವ್ವ ನನ್ನನ್ನು ಎತ್ತಿಕೊಂಡಳು, ನಾನು ಎತ್ತಿಕೊಳ್ಳುವ ವಯಸ್ಸಿನವಳಲ್ಲದಿದ್ದರೂ. ಆಕೆಯ ಹೆಗಲ ಮೇಲಿಂದ ನಾನು ಕಂಡದ್ದು ಅಕ್ಕೋರನ್ನು. ಅವರು ಮರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದರು, ಖಾಲಿ ಅಂಗೈ ಎರಡೂ ಮೇಲ್ಮುಖವಾಗಿ ಉಡಿಯಲ್ಲಿ ಇದ್ದವು. ಅಷ್ಟು ಹುರುಪಿನ ಸಭೆಯಲ್ಲಿ ನಾನು ಕಂಡ ದೊಡ್ಡ ಕೊಡುಗೆ ಅದೊಂದೇ, ಅದಕ್ಕೆ ಯಾರೂ ಸ್ತೋತ್ರ ಅನ್ನಲಿಲ್ಲ. ತತ್ತಿ ಮೇಜಿನ ಮೇಲೆ ಸಂಜೆವರೆಗೂ ಹಾಗೇ ಇತ್ತಂತೆ. ಆ ವರ್ಷ ಅದನ್ನು ಯಾರೂ ಮತ್ತೆ ಲಿಲಾವಿಗೆ ಹಚ್ಚಲಿಲ್ಲ. ಫ್ರಾಕನ್ನು ಅವ್ವ ಒಗೆದು ಕಳಿಸಿದಾಗ ಅಕ್ಕೋರು ತಿರುಗಿ ಕಳಿಸಿದರು. ಮುಂದೆ ನಾನು ಬೆಳೆದು ಅದು ನನಗೆ ಸರಿಯಾದಾಗ ಹರಿಯುವವರೆಗೂ ತೊಟ್ಟೆ.

ಅವ್ವ ನನ್ನನ್ನು ಮನೆಗೆ ತಂದಳು. ಅಪ್ಪನ ಲೆಕ್ಕದಲ್ಲಿ ನಾನು ಮನೆಗೆ ಬರಲೇ ಇಲ್ಲ. ಇದು ತಿಳಿಯಲು ನನಗೆ ಕೆಲವು ದಿನ ಹಿಡಿಯಿತು. ಮೊದಲೆಲ್ಲ ಕುಣಿಯಿಂದಲೇ "ಕರುಣೀ, ನೀರು ತಾ", "ಕರುಣೀ, ಕಂಡಿಕಿಗೆ ನೂಲು ಸುತ್ತು" ಅಂತ ಕೂಗುತ್ತಿದ್ದವನು ಈಗ ಕೂಗುವುದಿಲ್ಲ. ಬಾಯಾರಿದರೆ ತಾನೇ ಕುಣಿಯಿಂದ ಎದ್ದು ಬಂದು ಕೊಡದಿಂದ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ನಾನು ತಂಬಿಗೆ ಹಿಡಿದು ಓಡಿದರೆ "ಇರಲಿ ಬಿಡವಾ" ಅನ್ನುತ್ತಿದ್ದ. ಸಿಟ್ಟು ಅಲ್ಲ ಅದು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪರರ ವಸ್ತು ಮನೆಯಲ್ಲಿದ್ದರೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ನನ್ನನ್ನು ನೋಡಿಕೊಂಡ. ನನ್ನ ತಾಟಿಗೆ ಮೊದಲು ರೊಟ್ಟಿ ಹಾಕಿಸುತ್ತಿದ್ದ. ಸಭೆಯಲ್ಲಿ ಡೋಲಕ್ ಬಾರಿಸುವುದನ್ನು ಬಿಡಲಿಲ್ಲ, ಆದರೆ ಎದ್ದು ನಿಂತು ಮಾತಾಡುವುದನ್ನು ಬಿಟ್ಟ. ನನ್ನ ಮದುವೆಯಲ್ಲಿ ನನ್ನ ಕೈ ಹಿಡಿದು ವೇದಿಯವರೆಗೆ ನಡೆಸಿಕೊಂಡು ಹೋಗಲು ಮುಂಡರಗಿ ಮಾಸ್ತರರನ್ನು ಕರೆಸಿದ. ತಾನು ಹಿಂದಿನ ಬೆಂಚಿನಲ್ಲಿ ಬಂದ ನೆಂಟರ ಹಾಗೆ ಕೂತಿದ್ದ. ಅವ್ವ ಆ ದಿನ ಅವನ ಜೊತೆ ಮಾತಾಡಲಿಲ್ಲ.

ನಾನೀಗ ಮಲ್ಲಸಮುದ್ರದಲ್ಲಿರುತ್ತೇನೆ, ಗದಗಿನಲ್ಲಿ ನೌಕರಿ. ಸುಗ್ಗಿ ಹಬ್ಬಕ್ಕೆ ತಪ್ಪದೆ ಹೋಗುತ್ತೇನೆ, ಕೊಡುವುದನ್ನೂ ಕೊಡುತ್ತೇನೆ. ಆದರೆ ಹಾಡು ಏರುವಾಗ ಯಾರಾದರೂ ಹೊಳೆಯುವ ಕಣ್ಣಿನಿಂದ ಎದ್ದು ನಿಂತರೆ ನನ್ನ ಕೈ ಮಗ್ಗುಲಲ್ಲಿ ಕೂತ ಮಗಳ ಮುಂಗೈ ಹಿಡಿಯುತ್ತದೆ. ಆಕೆಗೆ ಈಗ ಕಾಲೇಜು, ಮೊಬೈಲಿನಿಂದ ತಲೆ ಎತ್ತಿ "ಏನಾತವ್ವಾ?" ಅನ್ನುತ್ತಾಳೆ. ಏನೂ ಇಲ್ಲ ಅನ್ನುತ್ತೇನೆ. ತಾಯಿಯೊಬ್ಬಳು ಬರಿಯ ಕಿವಿ ಮುಟ್ಟಿಕೊಂಡು ನಿಂತದ್ದನ್ನು ಆಕೆಗೆ ಹೇಗೆ ಹೇಳಲಿ?

ಅಪ್ಪ ತೀರಿಕೊಂಡದ್ದು ಹೋದ ವರ್ಷ, ಬೆಟಗೇರಿಯ ಅದೇ ಮನೆಯಲ್ಲಿ. ಮಗ್ಗ ಎಂದೋ ಹೋಗಿ, ಕುಣಿಯನ್ನು ಮುಚ್ಚಿ ಸಮುವೇಲ ಮೇಲೆ ಸಿಮೆಂಟಿನ ಗಿಲಾವು ಮಾಡಿಸಿದ್ದಾನೆ. ಸರಿಯಾಗಿ ಆ ಜಾಗದ ಮೇಲೆಯೇ ಅಪ್ಪನ ಮಂಚ ಹಾಕಿದ್ದರು. ನಾನು ರಜೆ ಹಾಕಿ ಹೋಗಿ ಕೂತಿದ್ದೆ. ಮಧ್ಯಾಹ್ನದ ಹೊತ್ತು, ಸಮುವೇಲ ಔಷಧ ತರಲು ಹೋಗಿದ್ದ, ಅವ್ವ ಒಳಗೆ ಗಂಜಿ ಕಾಸುತ್ತಿದ್ದಳು. ಅಪ್ಪ ಕಣ್ಣು ತೆರೆದು ಬಾಗಿಲ ಕಡೆ ನೋಡಿದ, ಅಡುಗೆ ಕೋಣೆಯ ಕಡೆ ನೋಡಿದ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡವನ ಹಾಗೆ ನನ್ನ ಕಡೆ ತಿರುಗಿದ.

"ಕರುಣೀ, ನೀರು ತಾ."

ನನ್ನ ಕಾಲು ಮೂರನೆಯ ಇಯತ್ತೆಯ ಹುಡುಗಿಯ ಕಾಲಾದವು. ಓಡಿಹೋಗಿ ನೀರು ತಂದೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಅವನು ನಿಧಾನವಾಗಿ ಕುಡಿದು, ತುಟಿ ಒರೆಸಿಕೊಂಡು, ಕದ್ದು ತಿಂದ ಹುಡುಗನ ದನಿಯಲ್ಲಿ ಅಂದ.

"ಮುಂಡರಗಿ ಅಕ್ಕೋರಿಗೆ ಹೇಳಬ್ಯಾಡವಾ."

ಅಕ್ಕೋರು ಮಣ್ಣಿಗೆ ಹೋಗಿ ವರ್ಷಗಳಾಗಿದ್ದವು. ಅವರನ್ನು ಮಣ್ಣು ಮಾಡಿದ ದಿನ ಅಪ್ಪನೇ ಹೆಗಲು ಕೊಟ್ಟಿದ್ದ.

"ಹೇಳೂದಿಲ್ಲಪ್ಪಾ," ಅಂದೆ. ಅವನು ಇನ್ನೊಂದು ಗುಟುಕು ಕೇಳಿದ.